ಮುಳ್ಳು ನಿಂತಾಗ, ಬ್ಯಾಂಡ್ ಬಿಗಿ ಮಾಡಿಸುವ ಮೊದಲು

ನಮ್ಮ ಮನೆಯ ನೆಲ ಶಹಾಬಾದಿನ ಫರಸಿ. ಅಪ್ಪನ ಕಾಲದಲ್ಲಿ ಹಾಸಿದ್ದು, ಒಂದು ಕಲ್ಲಿಗೂ ಇನ್ನೊಂದಕ್ಕೂ ಕೂದಲೆಳೆಯಷ್ಟು ಏರಿಳಿತ ಇದ್ದೇ ಇದೆ. ತೂಕದ ಯಂತ್ರವನ್ನು ದೇವರ ಕೋಣೆಯ ಮುಂದಿನ ಕಲ್ಲಿನ ಮೇಲಿಟ್ಟರೆ ಅಕ್ಕ 89 ಕೆ.ಜಿ. ತೂಗುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿಟ್ಟರೆ ಮುಳ್ಳು 88ರ ಹತ್ತಿರ ಅಲ್ಲಾಡಿ ನಿಲ್ಲುತ್ತಿತ್ತು. ಎಳ್ಳಮಾವಾಸ್ಯೆಯಿಂದ ಯುಗಾದಿಯವರೆಗೆ, ಹನ್ನೆರಡು ವಾರಕ್ಕೂ ಮಿಗಿಲಾಗಿ, ಅವಳು ದಿನಾ ಬೆಳಿಗ್ಗೆ ಆ ಯಂತ್ರವನ್ನು ಎತ್ತಿಕೊಂಡು ಮನೆಯೆಲ್ಲ ತಿರುಗಿದಳು. ದಯೆ ತೋರುವ ಕಲ್ಲು ಒಂದೂ ಸಿಗಲಿಲ್ಲ.

ತೂಕ ಇಳಿಸಲೆಂದು ಅವಳ ಹೊಟ್ಟೆಗೆ ಗ್ಯಾಸ್ಟ್ರಿಕ್ ಬ್ಯಾಂಡ್, ಅಂದರೆ ಜಠರಕ್ಕೆ ಸುತ್ತುವ ಬಳೆ, ಹಾಕಿಸಿ ಆಗ ಒಂದು ವರ್ಷವಾಗಿತ್ತು. 112 ಕೆ.ಜಿ. ಇದ್ದವಳು 89ಕ್ಕೆ ಇಳಿದಿದ್ದಳು. ಆಮೇಲೆ ಮುಳ್ಳು ಜಪ್ಪಯ್ಯ ಎನ್ನಲಿಲ್ಲ. ‘ಹೈದರಾಬಾದಿಗೆ ಹೋಗಿ ಅಷ್ಟು ರೊಕ್ಕ ಸುರಿದು ಇಷ್ಟೇನಾ’ ಎಂದು ಓಣಿಯವರು ಕೇಳಿಯೂ ಆಯಿತು. ಅಕ್ಕ ತಾನೇ ಒಂದು ತೀರ್ಮಾನಕ್ಕೆ ಬಂದಿದ್ದಳು: ಬ್ಯಾಂಡ್ ಸಡಿಲಾಗಿದೆ, ಹೋಗಿ ಇನ್ನಷ್ಟು ಬಿಗಿ ಮಾಡಿಸಿಕೊಂಡು ಬರಬೇಕು. ಬ್ಯಾಂಡ್ ಹಾಕಿಸಿಕೊಂಡವರಿಗೆ ಮೊದಲು ಹೊಳೆಯುವುದೇ ಇದು. ಎಷ್ಟೋ ಸಲ ಇದು ತಪ್ಪು. ಕೆಲವರಲ್ಲಿ ಸಂಗತಿ ಪೂರ್ತಿ ತಿರುವುಮುರುವು: ಬ್ಯಾಂಡ್ ಬಿಗಿಯಾದದ್ದಕ್ಕೇ ತೂಕ ನಿಂತಿರುತ್ತದೆ. ಅದು ಹೇಗೆ ಎಂದು ಬಿಡಿಸಿ ಹೇಳುವುದಕ್ಕಾಗಿ ಈ ಬರಹ.

ನಾನು ವೈದ್ಯಳಲ್ಲ. ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ, ಅಕ್ಕನ ಜೊತೆ ಪ್ರತಿ ತಪಾಸಣೆಗೂ ಹೋಗಿ ಬಂದಿದ್ದೇನೆ. ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಎರಡು ಷರತ್ತು ಹಾಕಿದ್ದಾಳೆ: ಹೆಸರು ಬರೆಯಬಾರದು, ಉಂಡಿಯ ಸುದ್ದಿ ಎತ್ತಬಾರದು. ಮೊದಲನೆಯದನ್ನು ಖಂಡಿತ ಪಾಲಿಸುತ್ತೇನೆ.

ಬಳೆ ಮಾಡುವ ಕೆಲಸ

ಬ್ಯಾಂಡ್ ಎಂದರೆ ಸಿಲಿಕೋನಿನ ಒಂದು ಬಳೆ. ಅನ್ನನಾಳ ಬಂದು ಜಠರಕ್ಕೆ ಸೇರುವ ಜಾಗಕ್ಕಿಂತ ಸ್ವಲ್ಪ ಕೆಳಗೆ ಅದನ್ನು ಸುತ್ತಿಸಿ ಕೂರಿಸುತ್ತಾರೆ. ಬಳೆಯ ಮೇಲ್ಭಾಗದಲ್ಲಿ ನಾಲ್ಕೈದು ಟೀ ಚಮಚ ಹಿಡಿಸುವಷ್ಟು ಪುಟ್ಟ ಚೀಲ ಉಳಿಯುತ್ತದೆ. ಬಳೆಯ ಒಳಮೈಯಲ್ಲಿ ಸೈಕಲ್ ಟ್ಯೂಬಿನಂಥ ಪೊಳ್ಳು ಇದೆ. ಅದರಿಂದ ಹೊರಟ ಸಣ್ಣ ಕೊಳವೆ, ಹೊಟ್ಟೆಯ ಚರ್ಮದಡಿ ಹುದುಗಿಸಿಟ್ಟ ಗುಂಡಿಯಂಥ ಪೋರ್ಟಿಗೆ ಸೇರಿರುತ್ತದೆ. ಚರ್ಮದ ಮೂಲಕ ಪೋರ್ಟಿಗೆ ಸೂಜಿ ಚುಚ್ಚಿ ಉಪ್ಪುನೀರು ತುಂಬಿದರೆ ಬಳೆ ಬಿಗಿಯಾಗುತ್ತದೆ, ತೆಗೆದರೆ ಸಡಿಲಾಗುತ್ತದೆ. ಇದನ್ನೇ ಫಿಲ್ ಹಾಕಿಸುವುದು ಎನ್ನುತ್ತಾರೆ. ಮೊದಲ ಫಿಲ್ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಾಗಿ ನಾಲ್ಕರಿಂದ ಆರು ವಾರಕ್ಕೆ.

ಹೀಗೆ ಬಿಗಿ ಸಡಿಲ ಮಾಡಬಹುದಾದ ಬ್ಯಾಂಡನ್ನು ಮೊದಲು ರೂಪಿಸಿದವರಲ್ಲಿ ಮುಖ್ಯರು ಅಮೆರಿಕದಲ್ಲಿ ನೆಲೆಸಿದ್ದ ಉಕ್ರೇನ್ ಮೂಲದ ಲುಬೊಮಿರ್ ಕುಜ್ಮಾಕ್, 1986ರಲ್ಲಿ. ದೊಡ್ಡ ಗಾಯವಿಲ್ಲದೆ, ಲ್ಯಾಪರೊಸ್ಕೋಪ್ ಮೂಲಕ ಅದನ್ನು ಕೂರಿಸಿ ತೋರಿಸಿದವರು ಬೆಲ್ಜಿಯಂನ ಮಿಟಿಕು ಬೆಲಾಚೆವ್, 1993ರಲ್ಲಿ. ಒಂದು ಕಾಲದಲ್ಲಿ ಇದಕ್ಕೆ ಭಾರೀ ಬೇಡಿಕೆ ಇತ್ತು. ಈಗ ಜಠರದ ಬಹುಭಾಗವನ್ನೇ ಕತ್ತರಿಸಿ ತೆಗೆಯುವ ಸ್ಲೀವ್ ಶಸ್ತ್ರಚಿಕಿತ್ಸೆ ಆ ಜಾಗವನ್ನು ಹಿಡಿದಿದೆ. ಅಕ್ಕ ಬ್ಯಾಂಡನ್ನೇ ಆರಿಸಿದ್ದು, ‘ಕತ್ತರಿಸುವುದಿಲ್ಲ, ಬೇಡವಾದರೆ ತೆಗೆಯಬಹುದು’ ಎಂಬ ಎರಡು ಮಾತಿಗಾಗಿ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಮೊದಲು ಕಿತ್ತು ಹಾಕಬೇಕು. ಬ್ಯಾಂಡ್ ಎಂದರೆ ಗೇಟು, ಅದು ಊಟವನ್ನು ತಡೆದು ನಿಲ್ಲಿಸುತ್ತದೆ, ಮೇಲಿನ ಚೀಲ ತುಂಬಿದ ಕೂಡಲೇ ಹೊಟ್ಟೆ ತುಂಬುತ್ತದೆ ಎಂದು ನಾವೆಲ್ಲ ನಂಬಿದ್ದೆವು. ವೈದ್ಯರೂ ಬಹಳ ಕಾಲ ಹಾಗೆಯೇ ವಿವರಿಸುತ್ತಿದ್ದರು. ಆಸ್ಟ್ರೇಲಿಯಾದ ಮೆಲ್ಬರ್ನಿನ ಸಂಶೋಧಕರು ತುತ್ತಿನ ಬೆನ್ನು ಹತ್ತಿ ಅಳೆದಾಗ ಚಿತ್ರ ಬೇರೆಯೇ ಆಯಿತು. ಚೆನ್ನಾಗಿ ಅಗಿದ ಪುಟ್ಟ ತುತ್ತು ಬ್ಯಾಂಡಿನ ಮೇಲೆ ಕುಳಿತಿರುವುದಿಲ್ಲ. ಅನ್ನನಾಳ ಅದನ್ನು ಒಂದೇ ಸಲಕ್ಕೆ ದಾಟಿಸಲಾರದೆ ಮತ್ತೆ ಮತ್ತೆ ಹಿಂಡಿ ಹಿಂಡಿ, ಸುಮಾರು ಒಂದು ನಿಮಿಷದೊಳಗೆ ಕೆಳಕ್ಕೆ ತಳ್ಳುತ್ತದೆ. ಪ್ರತಿ ಹಿಂಡುವಿಕೆಗೂ ಆ ಜಾಗದ ನರಗಳು ಮಿದುಳಿಗೆ ‘ಸಾಕು’ ಎಂಬ ಸುದ್ದಿ ಮುಟ್ಟಿಸುತ್ತವೆ. ಬ್ಯಾಂಡಿನ ನಿಜವಾದ ಕೆಲಸ ಹಸಿವನ್ನು ಮೆತ್ತಗೆ ಮಾಡುವುದು. ಊಟವನ್ನು ಅಡ್ಡಗಟ್ಟುವ ಮಟ್ಟಿಗೆ ಅದನ್ನು ಬಿಗಿ ಮಾಡಿದರೆ ಆ ಕೆಲಸವೇ ಕೆಡುತ್ತದೆ.

ಈ ಒಂದು ಸಂಗತಿ ಮನಸ್ಸಿಗೆ ಇಳಿದರೆ ಮುಂದಿನದೆಲ್ಲ ಸಲೀಸು.

ಕಡಿಮೆಯಾದ ಮೈ, ಕಡಿಮೆಯಾದ ಖರ್ಚು

ತೂಕ ನಿಂತಾಗ ಮೊದಲು ನೋಡಬೇಕಾದದ್ದು ಬ್ಯಾಂಡನ್ನಲ್ಲ, ಲೆಕ್ಕವನ್ನು. ಮೈಯಲ್ಲಿ ಇಳಿದ ಪ್ರತಿ ಕೆ.ಜಿ.ಗೂ ದೇಹದ ದಿನದ ಖರ್ಚು ಸುಮಾರು 20ರಿಂದ 30 ಕಿಲೋಕ್ಯಾಲರಿ ತಗ್ಗುತ್ತದೆ. ಹೊರುವ ಭಾರ ಕಡಿಮೆ, ಸಾಕಬೇಕಾದ ಅಂಗಾಂಶ ಕಡಿಮೆ, ಅದರ ಮೇಲೆ ದೇಹವೂ ಕೈ ಬಿಗಿ ಹಿಡಿಯುತ್ತದೆ. ಅಕ್ಕ ಇಳಿಸಿದ್ದು 23 ಕೆ.ಜಿ. ಅಂದರೆ ಅವಳ ದಿನದ ಖರ್ಚು 460ರಿಂದ 690 ಕಿಲೋಕ್ಯಾಲರಿಯಷ್ಟು ಕುಗ್ಗಿತ್ತು.

ಇದನ್ನು ನಮ್ಮ ಕಡೆಯ ಲೆಕ್ಕಕ್ಕೆ ತಿರುಗಿಸೋಣ. ಐವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿ ಸುಮಾರು 170 ಕಿಲೋಕ್ಯಾಲರಿ. ಮೊದಲು ಖರ್ಚಾಗುತ್ತಿದ್ದ ಮೂರರಿಂದ ನಾಲ್ಕು ರೊಟ್ಟಿಯಷ್ಟು ಶಕ್ತಿ ಈಗ ಖರ್ಚಾಗುವುದಿಲ್ಲ. ವಾರಕ್ಕೆ ಅರ್ಧ ಕೆ.ಜಿ. ಇಳಿಯಬೇಕಾದರೆ ದಿನಕ್ಕೆ ಸುಮಾರು 550 ಕಿಲೋಕ್ಯಾಲರಿ ಕೊರತೆ ಬೇಕು. ಮೊದಲ ತಿಂಗಳುಗಳಲ್ಲಿ ಅವಳ ತೂಕವನ್ನು ಇಳಿಸಿದ ಆ ಕೊರತೆಯನ್ನು, ಇಳಿದ ತೂಕವೇ ನುಂಗಿ ಕುಳಿತಿತ್ತು. ಅವಳು ಒಂದು ತುತ್ತೂ ಹೆಚ್ಚು ತಿನ್ನದಿದ್ದರೂ ಮುಳ್ಳು ನಿಲ್ಲಬಹುದಿತ್ತು.

ಇದರ ಜೊತೆಗೆ ಹಸಿವು. ಕೊಬ್ಬು ಕರಗಿದಂತೆ ಲೆಪ್ಟಿನ್ ಎಂಬ ಹಾರ್ಮೋನು ಇಳಿಯುತ್ತದೆ, ಮಿದುಳು ಅದನ್ನು ಬರಗಾಲದ ಸುದ್ದಿ ಎಂದೇ ಓದಿಕೊಳ್ಳುತ್ತದೆ. ಮನುಷ್ಯ ತನಗೆ ತಿಳಿಯದೆ ಕಡಿಮೆ ಅಲ್ಲಾಡುತ್ತಾನೆ: ನಿಂತು ಮಾಡುತ್ತಿದ್ದ ಕೆಲಸವನ್ನು ಕುಳಿತು ಮಾಡುತ್ತಾನೆ, ನೀರಿನ ಲೋಟಕ್ಕೆ ಮಕ್ಕಳನ್ನು ಕರೆಯುತ್ತಾನೆ. ಕಲ್ಯಾಣ ಕರ್ನಾಟಕದ ಜನಕ್ಕೆ ಬರಗಾಲವನ್ನು ವಿವರಿಸಿ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಯ ಯಜಮಾನ ಏನು ಮಾಡುತ್ತಾನೋ ದೇಹವೂ ಅದನ್ನೇ ಮಾಡುತ್ತದೆ. ಇದರಲ್ಲಿ ಸೋಮಾರಿತನ ಹುಡುಕುವವರ ಬಗ್ಗೆ ನನಗೆ ಸಹನೆ ಕಡಿಮೆ.

ಇನ್ನೊಂದು ಲೆಕ್ಕ ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಅವಳ ಎತ್ತರ 158 ಸೆಂ.ಮೀ. ಎತ್ತರಕ್ಕೆ ತೂಕ ಎಷ್ಟು ಸರಿ ಎಂದು ಅಳೆಯುವ ದೇಹ ತೂಕ ಸೂಚ್ಯಂಕ (ಬಿಎಂಐ) 25 ಬರಬೇಕಾದರೆ ಅವಳು 62 ಕೆ.ಜಿ. ಇರಬೇಕು. ಶಸ್ತ್ರಚಿಕಿತ್ಸೆಗೆ ಮುಂಚೆ ಅವಳಲ್ಲಿ ಹೆಚ್ಚುವರಿಯಾಗಿ ಇದ್ದದ್ದು 50 ಕೆ.ಜಿ. ಬ್ಯಾಂಡಿನಿಂದ ಎರಡು ಮೂರು ವರ್ಷದಲ್ಲಿ ಸರಾಸರಿ ಇಳಿಯುವುದು ಈ ಹೆಚ್ಚುವರಿಯ ನೂರಕ್ಕೆ ನಲವತ್ತರಿಂದ ಐವತ್ತು ಪಾಲು. ಅವಳು ಒಂದೇ ವರ್ಷದಲ್ಲಿ ನಲವತ್ತಾರು ಪಾಲು ಇಳಿಸಿದ್ದಳು! ಓಣಿಯವರು ಯಾವುದನ್ನು ಸೋಲು ಎಂದರೋ ಅದು ಬ್ಯಾಂಡಿನ ಮಟ್ಟಿಗೆ ತುಂಬು ಬೆಳೆ. ನಾನು ಇದನ್ನು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, ‘ಹಾಗಾದರೆ 62 ಎಂದು ನನ್ನ ತಲೆಯಲ್ಲಿ ಕೂರಿಸಿದವರು ಯಾರು?’ ಎಂದು ಕೇಳಿದಳು. ಯಾರೂ ಅಲ್ಲ. ಅವಳ ಮದುವೆಯ ಫೋಟೊ ಇರಬೇಕು.

ನಿಜವಾದ ನಿಲುಗಡೆಯನ್ನು ನೀರಿನ ಆಟದಿಂದ ಬೇರ್ಪಡಿಸುವುದೂ ಮುಖ್ಯ. ಮಲಬದ್ಧತೆ, ಮುಟ್ಟಿನ ಮುಂಚಿನ ದಿನಗಳು, ಹಿಂದಿನ ರಾತ್ರಿಯ ಉಪ್ಪಿನಕಾಯಿ, ಇವುಗಳಲ್ಲಿ ಯಾವುದೇ ಒಂದು ತೂಕವನ್ನು ಒಂದೆರಡು ಕೆ.ಜಿ. ಏರಿಸಬಲ್ಲದು. ಮೊದಲ ವಾರಗಳಲ್ಲಿ ಸರ್ರನೆ ಇಳಿದದ್ದೂ ಬಹುಪಾಲು ನೀರೇ: ದೇಹ ಕೂಡಿಟ್ಟ ಪ್ರತಿ ಗ್ರಾಂ ಗ್ಲೈಕೋಜೆನ್ (ಸಕ್ಕರೆಯ ದಾಸ್ತಾನು) ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ, ಅದು ಕರಗಿದಾಗ ನೀರೂ ಹೋಗುತ್ತದೆ. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತು, ಒಂದೇ ಕಲ್ಲಿನ ಮೇಲೆ ತೂಗಿ, ಜೊತೆಗೆ ಹೊಕ್ಕುಳ ಮಟ್ಟದ ಸುತ್ತಳತೆ ಬರೆದಿಡಿ. ನಾಲ್ಕಾರು ವಾರ ಎರಡೂ ಅಲ್ಲಾಡದಿದ್ದರೆ ಮಾತ್ರ ತೂಕ ನಿಂತಿದೆ ಎನ್ನಿ. ಅಕ್ಕನ ಸುತ್ತಳತೆಯೂ ನಿಂತಿತ್ತು.

ಹೊಲದಲ್ಲಿ ಕಂಡದ್ದು

ಲೆಕ್ಕ ಅರ್ಧ ಕಥೆ. ಉಳಿದ ಅರ್ಧ ನನಗೆ ಕಂಡದ್ದು ಎಳ್ಳಮಾವಾಸ್ಯೆಯ ದಿನ, ಹೊಲದಲ್ಲಿ.

ಆ ದಿನ ಕಲಬುರಗಿಯ ಅರ್ಧ ಊರು ಹೊಲದಲ್ಲಿ ಇರುತ್ತದೆ. ಚರಗ ಚೆಲ್ಲಿ, ಗಿಡದ ನೆರಳಿಗೆ ಎಲ್ಲರೂ ಕುಳಿತೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಾಳು ಸೊಪ್ಪಿನ ಪಲ್ಯವಾದ ಭಜ್ಜಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಅಂಬಲಿ, ಶೇಂಗಾ ಹೋಳಿಗೆ. ಅಕ್ಕ ರೊಟ್ಟಿಯ ಒಂದು ಚೂರು ಮುರಿದು ಭಜ್ಜಿಯಲ್ಲಿ ಅದ್ದಿ ಬಾಯಿಗಿಟ್ಟಳು. ಎರಡನೆಯ ಚೂರಿಗೆ ಅವಳ ಮುಖ ಬದಲಾಯಿತು. ಕೈ ಎದೆಯ ನಡುವಿಗೆ ಹೋಯಿತು, ಬಾಯಲ್ಲಿ ಜೊಲ್ಲು ತುಂಬಿತು. ಎದ್ದು ತೊಗರಿ ಸಾಲಿನ ಆಚೆಗೆ ಹೋದಳು. ಮರಳಿ ಬಂದವಳು ಬಾಯಿ ಮುಕ್ಕಳಿಸಿ, ‘ರೊಟ್ಟಿ ನನಗೆ ಆಗುವುದಿಲ್ಲ, ಎರಡು ತಿಂಗಳಾಯಿತು ಬಿಟ್ಟು’ ಎಂದಳು. ಆಮೇಲೆ ಒಂದು ಹೋಳಿಗೆಯನ್ನು ಹಾಲಿನಲ್ಲಿ ಕಿವುಚಿ ಪೂರ್ತಿ ತಿಂದಳು. ಏನೂ ಆಗಲಿಲ್ಲ. ಅಂಬಲಿಯನ್ನೂ ಕುಡಿದಳು.

ಸಜ್ಜೆ ರೊಟ್ಟಿ ಸಿಕ್ಕಿಕೊಂಡಿತು, ಹೋಳಿಗೆ ಜಾರಿ ಹೋಯಿತು. ಬ್ಯಾಂಡಿನ ನಿಲುಗಡೆಯ ದೊಡ್ಡ ಗುಟ್ಟು ಇಷ್ಟೇ.

ದೀಪಾವಳಿಗೆ ಮುಂಚೆ ಅವಳಿಗೆ ನಾಲ್ಕನೆಯ ಫಿಲ್ ಆಗಿತ್ತು. ಅಲ್ಲಿಂದ ಮುಂದೆ ರೊಟ್ಟಿ, ಕಾಳಿನ ಪಲ್ಯ, ಸೊಪ್ಪು, ಹಸಿ ಸೌತೆಕಾಯಿ ಎಲ್ಲ ಒಂದೊಂದಾಗಿ ಬಿಟ್ಟುಹೋದವು. ಅಗಿಯಬೇಕಾದ ಊಟ ದಾಟದೆ ಹೋದಾಗ ಮನುಷ್ಯ ಉಪವಾಸ ಇರುವುದಿಲ್ಲ, ದಾಟುವುದನ್ನು ಹುಡುಕಿಕೊಳ್ಳುತ್ತಾನೆ. ಚಹಾದಲ್ಲಿ ಅದ್ದಿದ ಬಿಸ್ಕತ್ತು ದಾಟುತ್ತದೆ. ಸಿಹಿ ಲಸ್ಸಿ, ಶಿರಾ, ಐಸ್‌ಕ್ರೀಮ್ ದಾಟುತ್ತವೆ, ಮೊಸರಿನಲ್ಲಿ ಕಲಸಿದ ಶೇಂಗಾ ಹಿಂಡಿಯೂ ದಾಟುತ್ತದೆ. ಇವು ಅನ್ನನಾಳಕ್ಕೆ ಹಿಂಡುವ ಕೆಲಸ ಕೊಡುವುದಿಲ್ಲವಾದ್ದರಿಂದ ‘ಸಾಕು’ ಎಂಬ ಸುದ್ದಿಯೂ ಮಿದುಳಿಗೆ ಹೋಗುವುದಿಲ್ಲ. ಎರಡು ಗಂಟೆಗೆ ಮತ್ತೆ ಹಸಿವು. ಅವಳು ಅಳತೆ ಮೀರಿ ತಿನ್ನುತ್ತಿದ್ದಳು ಎಂದು ಯಾರೂ ಹೇಳಲು ಸಾಧ್ಯವಿರಲಿಲ್ಲ, ತಟ್ಟೆ ಯಾವಾಗಲೂ ಚಿಕ್ಕದೇ.

ಒಂದು ಭಾನುವಾರ ಅಡುಗೆಮನೆಯ ಪುಟ್ಟ ತಕ್ಕಡಿ ತಂದು ಎಲ್ಲವನ್ನೂ ತೂಗಿದೆವು. ಅಮ್ಮನಿಗೆ ಇದು ಅಪಶಕುನದಂತೆ ಕಂಡಿತು, ‘ಉಣ್ಣುವುದನ್ನು ತೂಗಬಾರದು’ ಎನ್ನುತ್ತಲೇ ಡಬ್ಬಿಗಳನ್ನು ಕೊಟ್ಟಳು. ಅಕ್ಕನ ಒಂದು ಚಮಚ ಶೇಂಗಾ ಹಿಂಡಿ, ಗೋಪುರ ಕಟ್ಟಿದ್ದು, ಹತ್ತು ಗ್ರಾಂ ಮೀರಿತು. ಮೂರು ಚಮಚವಾದರೆ ಒಂದು ರೊಟ್ಟಿಗೆ ಸಮ. ಅವಳು ದಿನಕ್ಕೆ ನಾಲ್ಕು ಚಹಾ ಕುಡಿಯುತ್ತಿದ್ದಳು, ಒಂದೊಂದಕ್ಕೂ ಎರಡು ಚಮಚ ಸಕ್ಕರೆ: ಸಕ್ಕರೆ ಒಂದರಿಂದಲೇ 160 ಕಿಲೋಕ್ಯಾಲರಿ, ಹಾಲು ಬೇರೆ. ಆರು ಬಿಸ್ಕತ್ತು ಸುಮಾರು 130. ಒಂದು ಲೋಟ ಸಿಹಿ ಲಸ್ಸಿ 200ರ ಆಸುಪಾಸು. ಬಿಟ್ಟ ಮೂರು ರೊಟ್ಟಿಯ ಶಕ್ತಿ ಹೀಗೆ ಬೇರೆ ಬಾಗಿಲಿಂದ ಒಳಗೆ ಬಂದು ಕುಳಿತಿತ್ತು, ರೊಟ್ಟಿ ಕೊಡುತ್ತಿದ್ದ ತೃಪ್ತಿಯನ್ನು ಮಾತ್ರ ಹೊರಗೆ ಬಿಟ್ಟು.

ಮೂರು ಬಣ್ಣ

ಬ್ಯಾಂಡ್ ವೈದ್ಯರು ರೋಗಿಗಳಿಗೆ ಸಿಗ್ನಲ್ ದೀಪದ ಮೂರು ಬಣ್ಣ ಹೇಳಿಕೊಡುತ್ತಾರೆ. ಫಿಲ್ ಬೇಕೋ ಬೇಡವೋ ಎಂಬುದನ್ನು ತೂಕದ ಮುಳ್ಳಿಗಿಂತ ಈ ಬಣ್ಣಗಳು ಚೆನ್ನಾಗಿ ಹೇಳುತ್ತವೆ.

ಹಳದಿ ಎಂದರೆ ಬ್ಯಾಂಡ್ ಸಡಿಲ. ಊಟವಾಗಿ ಎರಡು ಮೂರು ಗಂಟೆಗೆ ಹಸಿವಾಗುತ್ತದೆ, ಗಟ್ಟಿ ಊಟವೇ ಮೊದಲಿನಷ್ಟು ಸಲೀಸಾಗಿ ಮೊದಲಿನಷ್ಟೇ ಇಳಿಯುತ್ತದೆ, ತೂಕ ನಿಂತಿರುತ್ತದೆ. ಇಲ್ಲಿ ಫಿಲ್ ಕೇಳುವುದು ಸರಿ. ಹಿಂದೆ ಸರಿಯಿದ್ದದ್ದು ಈಗ ಇದ್ದಕ್ಕಿದ್ದಂತೆ ಸಡಿಲಾಗಿದ್ದರೆ ಕೊಳವೆ ಅಥವಾ ಪೋರ್ಟಿನಿಂದ ಉಪ್ಪುನೀರು ಸೋರುತ್ತಿರಬಹುದು. ಸೂಜಿ ಹಾಕಿ ಇದ್ದದ್ದನ್ನು ಹೊರತೆಗೆದು ಅಳೆದರೆ ತಿಳಿಯುತ್ತದೆ.

ಹಸಿರು ಎಂದರೆ ಚಿಕ್ಕ ಊಟಕ್ಕೆ ತೃಪ್ತಿ, ಮುಂದಿನ ಊಟದವರೆಗೆ ಹಸಿವಿನ ಕಾಟವಿಲ್ಲ, ಎಲ್ಲ ಬಗೆಯ ಊಟವೂ ನಿಧಾನವಾಗಿ ತಿಂದರೆ ಇಳಿಯುತ್ತದೆ.

ಕೆಂಪು ಎಂದರೆ ವಿಪರೀತ ಬಿಗಿ. ಗಟ್ಟಿ ಊಟ ಸಿಕ್ಕಿಕೊಳ್ಳುತ್ತದೆ, ತಿಂದದ್ದು ಮೇಲೆ ಬರುತ್ತದೆ, ಎದೆ ಉರಿಯುತ್ತದೆ. ಮಲಗಿದಾಗ ಕೆಮ್ಮು, ಬೆಳಿಗ್ಗೆ ದಿಂಬಿನ ಮೇಲೆ ಹುಳಿ ನೀರಿನ ಕಲೆ. ಮೆತ್ತಗಿನದು, ಸಿಹಿಯದು ಮಾತ್ರ ಒಳಗೆ ಹೋಗುತ್ತದೆ. ಇಲ್ಲಿಯೂ ತೂಕ ಇಳಿಯುವುದಿಲ್ಲ, ಏರುವುದೂ ಉಂಟು. ಹೊರಗಿನಿಂದ ನೋಡಿದರೆ ಹಳದಿಗೂ ಕೆಂಪಿಗೂ ಮುಳ್ಳು ನಿಲ್ಲುವುದು ಒಂದೇ ರೀತಿ. ಅದಕ್ಕೇ ಮೋಸ ಹೋಗುವುದು. ಅಕ್ಕನಿಗೆ ರಾತ್ರಿ ಕೆಮ್ಮಿತ್ತು, ಅವಳು ಅದನ್ನು ತೊಗರಿ ರಾಶಿಯ ಧೂಳಿನ ತಲೆಗೆ ಕಟ್ಟಿದ್ದಳು.

ಬಿಗಿ ಬ್ಯಾಂಡನ್ನು ಹಾಗೆಯೇ ಎಳೆದುಕೊಂಡು ಹೋಗುವುದರಲ್ಲಿ ತೂಕಕ್ಕಿಂತ ದೊಡ್ಡ ಅಪಾಯಗಳಿವೆ. ಮೇಲಿನ ಪುಟ್ಟ ಚೀಲ ಹಿಗ್ಗುತ್ತದೆ, ಅನ್ನನಾಳ ಜೋಲುತ್ತದೆ, ಪದೇ ಪದೇ ವಾಂತಿಯಾದರೆ ಬ್ಯಾಂಡೇ ಜಾಗದಿಂದ ಜಾರಬಹುದು. ವಾಂತಿ ವಾರಗಟ್ಟಲೆ ಮುಂದುವರಿದರೆ ದೇಹದ ಬಿ1 ವಿಟಮಿನ್ ಬರಿದಾಗಿ ಕಣ್ಣು, ನಡಿಗೆ, ನೆನಪಿನ ಮೇಲೆ ಪೆಟ್ಟು ಬೀಳುತ್ತದೆ. ನೀರು ಅಥವಾ ಉಗುಳು ಕೂಡ ಇಳಿಯದಿದ್ದರೆ, ಹೊಟ್ಟೆಯಲ್ಲಿ ತಡೆಯಲಾರದ ನೋವಿದ್ದರೆ, ಪೋರ್ಟಿನ ಜಾಗ ಕೆಂಪಾಗಿ ಬಾತಿದ್ದರೆ ಬೆಳಗಾಗುವವರೆಗೂ ಕಾಯುವ ಮಾತೇ ಇಲ್ಲ.

ದೂರದ ಊರಿನ ಕಷ್ಟ

ನಮ್ಮ ಭಾಗದವರ ವಿಷಯದಲ್ಲಿ ಇನ್ನೊಂದು ಕಾರಣವಿದೆ, ಅದು ಯಾವ ವೈದ್ಯಕೀಯ ಪುಸ್ತಕದಲ್ಲೂ ಸಿಗಲಾರದು. ಕಲಬುರಗಿಯಿಂದ ಹೈದರಾಬಾದಿಗೆ ಸುಮಾರು 220 ಕಿ.ಮೀ. ಒಂದು ಫಿಲ್‌ಗೆ ಹೋಗಿ ಬರುವುದೆಂದರೆ ಒಂದು ದಿನ, ಒಂದು ರಜೆ, ಜೊತೆಗೆ ಬರುವವರದೂ ಒಂದು ರಜೆ. ಆದ್ದರಿಂದ ಕೆಲವರು ಹೋಗುವುದನ್ನೇ ಬಿಡುತ್ತಾರೆ, ಹಳದಿಯಲ್ಲೇ ವರ್ಷ ಕಳೆಯುತ್ತಾರೆ. ಇನ್ನು ಕೆಲವರು ಅಕ್ಕ ಮಾಡಿದಂತೆ ಮಾಡುತ್ತಾರೆ: ‘ಇಷ್ಟು ದೂರ ಬಂದಿದ್ದೇವೆ, ಒಂದಿಷ್ಟು ಹೆಚ್ಚೇ ತುಂಬಿಬಿಡಿ’ ಎಂದು ಕೇಳುತ್ತಾರೆ. ನಾಲ್ಕನೆಯ ಫಿಲ್‌ನಲ್ಲಿ ಆದದ್ದು ಅದೇ. ಕೇಳಿದವಳು ಅಕ್ಕ, ತುಂಬಿದವರು ಆ ದಿನ ಕರ್ತವ್ಯದಲ್ಲಿದ್ದ ಕಿರಿಯ ವೈದ್ಯರು, ಪಕ್ಕದಲ್ಲಿ ನಿಂತು ತಲೆಯಾಡಿಸಿದವಳು ಜೀವಶಾಸ್ತ್ರ ಕಲಿಸುವ ನಾನು.

ಫಿಲ್ ಆದ ಮೇಲೆ ಒಂದು ಲೋಟ ನೀರು ಕುಡಿದು, ಅದು ಸಲೀಸಾಗಿ ಇಳಿಯುತ್ತದೆಯೇ ಎಂದು ನೋಡದೆ ಆಸ್ಪತ್ರೆ ಬಿಡಬಾರದು. ಒಳಗೆ ಬಾವು ಬಂದು ಬಿಗಿ ಹೆಚ್ಚುವುದು ಕೆಲವು ಗಂಟೆ ಕಳೆದ ಮೇಲೆಯೂ ಆಗಬಹುದಾದ್ದರಿಂದ, ಸಾಧ್ಯವಿದ್ದರೆ ರಾತ್ರಿ ಅಲ್ಲೇ ತಂಗಿ ಬೆಳಿಗ್ಗೆ ಹೊರಡುವುದು ಜಾಣತನ. ಮೊದಲ ಒಂದೆರಡು ದಿನ ದ್ರವ, ಆಮೇಲೆ ಮೆತ್ತಗಿನದು, ಆಮೇಲೆ ಗಟ್ಟಿ ಊಟ. ಬ್ಯಾಂಡಿನ ಕಂಪನಿ, ಅದರ ಅಳತೆ, ಕೊನೆಯ ಸಲ ಎಷ್ಟು ಮಿ.ಲೀ. ಇತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ನಡುರಾತ್ರಿ ಊರಿನ ಆಸ್ಪತ್ರೆಗೇ ಓಡಬೇಕಾದರೆ ಅಲ್ಲಿನ ವೈದ್ಯರು ಪೋರ್ಟಿನಿಂದ ನೀರು ತೆಗೆಯಲು ಆ ಚೀಟಿ ನೆರವಾಗುತ್ತದೆ. ಪೋರ್ಟಿಗೆ ಹಾಕುವ ಸೂಜಿಯೇ ಬೇರೆ ಬಗೆಯದು, ಸಾಮಾನ್ಯ ದಪ್ಪ ಸೂಜಿ ಚುಚ್ಚಿದರೆ ಅದರ ಮುಚ್ಚಳ ಸೋರಲು ಶುರುವಾಗಬಹುದು.

ಯುಗಾದಿ ಮುಗಿಸಿ ನಾವು ಹೈದರಾಬಾದಿಗೆ ಹೋದಾಗ ಹಿರಿಯ ವೈದ್ಯರು ಮೊದಲು ಕೇಳಿದ್ದು ತೂಕವನ್ನಲ್ಲ. ‘ರೊಟ್ಟಿ ತಿನ್ನುತ್ತೀರಾ?’ ಎಂದರು. ಇಲ್ಲ ಎಂದಳು. ‘ರಾತ್ರಿ ಕೆಮ್ಮು?’ ಇದೆ ಎಂದಳು. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು. ಬಿಳಿ ದ್ರವ ಬ್ಯಾಂಡಿನ ಮೇಲೆ ಕಂಬದಂತೆ ನಿಂತು, ದಾರದಷ್ಟು ಸಣ್ಣಗೆ ಕೆಳಗೆ ಇಳಿಯುತ್ತಿತ್ತು. ಆಮೇಲೆ ಅವಳನ್ನು ಮಲಗಿಸಿ, ಎಡ ಪಕ್ಕೆಲುಬಿನ ಕೆಳಗೆ ಬೆರಳಿನಿಂದ ಒತ್ತಿ ಪೋರ್ಟನ್ನು ಹುಡುಕಿ, ಸೂಜಿ ಇಳಿಸಿ ಒಳಗಿದ್ದ ಉಪ್ಪುನೀರನ್ನೆಲ್ಲ ಸಿರಿಂಜಿಗೆ ಎಳೆದರು. ಕಡತದಲ್ಲಿ 6.5 ಮಿ.ಲೀ. ಎಂದು ಇತ್ತು, ಬಂದದ್ದೂ ಹೆಚ್ಚುಕಡಿಮೆ ಅಷ್ಟೇ. ಸೋರಿಕೆ ಇಲ್ಲ. ಅದರಲ್ಲಿ 5.5 ಮಾತ್ರ ವಾಪಸು ಹಾಕಿ, ಒಂದು ಮಿ.ಲೀ. ಇದ್ದ ಸಿರಿಂಜನ್ನು ಬೆಳಕಿಗೆ ಹಿಡಿದು ತೋರಿಸಿದರು. ಎರಡು ಕಣ್ಣೀರಿನ ಹನಿಯಷ್ಟೂ ಕಾಣದ ಆ ನೀರಿಗಾಗಿ ಆರು ತಿಂಗಳು ಒದ್ದಾಡಿದ್ದೆವು.

ಅಕ್ಕ ಬಿಗಿ ಮಾಡಿಸಲು ಹೋದವಳು, ಸಡಿಲ ಮಾಡಿಸಿಕೊಂಡು ಬಂದಳು. ವಾಪಸು ಬರುವಾಗ ರೈಲಿನಲ್ಲಿ ವಾಡಿ ದಾಟುವವರೆಗೂ ಮಾತಾಡಲಿಲ್ಲ.

ತಟ್ಟೆಗೆ ಮರಳಿದ್ದು

ಸಡಿಲ ಮಾಡಿದ ಮೊದಲ ಎರಡು ವಾರ ತೂಕ ಒಂದು ಕೆ.ಜಿ.ಯಷ್ಟು ಏರಿತು. ಇದನ್ನು ಮೊದಲೇ ಹೇಳಿದ್ದರು, ಆದರೂ ಮನೆಯಲ್ಲಿ ಸಾವಿನ ಕಳೆ. ಆಮೇಲೆ ರೊಟ್ಟಿ ಮರಳಿತು.

ರೊಟ್ಟಿ ತಿನ್ನುವುದಕ್ಕೂ ಒಂದು ಕ್ರಮ ಬೇಕು. ಉಗುರಿನಷ್ಟು ಚೂರು, ಹಿಟ್ಟಾಗುವವರೆಗೆ ಅಗಿತ, ನುಂಗಿದ ಮೇಲೆ ಒಂದು ನಿಮಿಷ ಕೈ ತಟ್ಟೆಯಿಂದ ದೂರ. ಇಪ್ಪತ್ತು ನಿಮಿಷಕ್ಕೆ ಊಟ ಮುಗಿಯಿತು, ತಟ್ಟೆಯಲ್ಲಿ ಉಳಿದಿದ್ದರೂ ಸರಿ. ನಮ್ಮ ಖಡಕ್ ರೊಟ್ಟಿ ಇದಕ್ಕೆ ಒಳ್ಳೆಯದೆಂದು ಅಕ್ಕನ ಅನುಭವ: ಮೆತ್ತಗಿನ ಬಿಸಿ ರೊಟ್ಟಿ, ಚಪಾತಿ, ಬ್ರೆಡ್ಡು ಅಗಿದಷ್ಟೂ ಮುದ್ದೆಯಾಗಿ ಬ್ಯಾಂಡಿನ ಬಾಯಲ್ಲಿ ಕೂರುತ್ತವೆ, ಖಡಕ್ ರೊಟ್ಟಿ ಪುಡಿಯಾಗಿ ಇಳಿಯುತ್ತದೆ. ಉದುರಾಗದ ಅನ್ನದ ಮುದ್ದೆಯೂ ತೊಂದರೆ ಕೊಡುತ್ತದೆ. ಇದು ಒಬ್ಬೊಬ್ಬರಿಗೆ ಒಂದೊಂದು ರೀತಿ, ತಿಂದು ನೋಡಿಯೇ ತಿಳಿಯಬೇಕು. ಊಟದ ನಡುವೆ ನೀರು ಬೇಡ ಎಂದು ಅವಳಿಗೆ ಹೇಳಿದ್ದಾರೆ, ಆಚೀಚೆ ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯುತ್ತಾಳೆ. ಬಿಸಿಲು 42 ಡಿಗ್ರಿ ದಾಟುವ ಊರಿನಲ್ಲಿ ಇದು ಸುಲಭದ ಮಾತಲ್ಲ. ಬ್ಯಾಂಡ್ ಇದ್ದವರು ಒಂದೇ ಉಸಿರಿಗೆ ಚೊಂಬು ಎತ್ತಿ ಕುಡಿಯಲಾರರು, ಬಾಯಾರಿಕೆ ಕಬ್ಬಿನ ಹಾಲಿನ ಅಂಗಡಿಯ ಕಡೆಗೆ ಎಳೆಯುತ್ತದೆ. ಅವಳು ಈಗ ನೀರು ಮಜ್ಜಿಗೆಯ ಬಾಟಲಿಯನ್ನು ಚೀಲದಲ್ಲಿ ಇಟ್ಟುಕೊಂಡೇ ಶಾಲೆಗೆ ಹೋಗುತ್ತಾಳೆ.

ಪ್ರೋಟೀನಿನದು ನಿಜವಾದ ತಲೆನೋವು. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಸ್ನಾಯು ಕರಗಿದಷ್ಟೂ ದಿನದ ಖರ್ಚು ಇನ್ನೂ ತಗ್ಗುತ್ತದೆ. ತಡೆಯಲು ದಿನಕ್ಕೆ 60 ಗ್ರಾಂನಷ್ಟಾದರೂ ಪ್ರೋಟೀನ್ ಬೇಕು. ಮಾಂಸ, ಮೊಟ್ಟೆ ಇಲ್ಲದ ಮನೆಯಲ್ಲಿ, ಅಷ್ಟು ಚಿಕ್ಕ ತಟ್ಟೆಯಲ್ಲಿ, ಅದನ್ನು ಎಲ್ಲಿಂದ ತರುವುದು? ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಜಿಲ್ಲೆ ನಮ್ಮದು, ಬೇಳೆಗೆ ಬರವಿಲ್ಲ. ಆದರೆ ನಮ್ಮ ಮನೆಯ ತಿಳಿ ಸಾರಿನ ಒಂದು ಬಟ್ಟಲಲ್ಲಿ ನೀರೇ ಹೆಚ್ಚು. ಐವತ್ತು ಗ್ರಾಂ ಬೇಳೆಯನ್ನು ಗಟ್ಟಿಯಾಗಿ ಬೇಯಿಸಿ ಎರಡು ಹೊತ್ತಿಗೆ ಹಂಚಿದರೆ 11 ಗ್ರಾಂ ಪ್ರೋಟೀನ್. ಮುಕ್ಕಾಲು ಹಿಡಿ ಪನೀರ್, ಮೊಸರು, ಒಂದು ಲೋಟ ಹಾಲು, ನೆನೆಸಿ ಬೇಯಿಸಿದ ಹೆಸರುಕಾಳು, ಒಂದೂವರೆ ರೊಟ್ಟಿಯ ಜೋಳ ಎಲ್ಲ ಸೇರಿಸಿದಾಗ ಅವಳ ಮೊತ್ತ 55ರ ಆಚೀಚೆ ಮುಟ್ಟುತ್ತದೆ. ಊಟ ಶುರುಮಾಡುವಾಗ ಮೊದಲು ಬೇಳೆ, ಪನೀರು. ಹೊಟ್ಟೆ ತುಂಬಿದ ಮೇಲೆ ಉಳಿಯುವುದು ಅನ್ನವಾಗಲಿ.

ನಡಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಿಗ್ಗೆ ಆರಕ್ಕೆ ಮುಂಚೆ ಶರಣಬಸವೇಶ್ವರ ಕೆರೆಯ ಸುತ್ತ ನಡೆದರೆ ಬಿಸಿಲಿನ ನೆಪ ಉಳಿಯುವುದಿಲ್ಲ. ನಡಿಗೆ ಒಂದರಿಂದಲೇ ಸ್ನಾಯು ಉಳಿಯುವುದಿಲ್ಲವಾದ್ದರಿಂದ ವಾರಕ್ಕೆ ಎರಡು ಮೂರು ದಿನ ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಕೈಕೊಟ್ಟು ದೂಡುವುದು, ನೀರಿನ ಬಾಟಲಿ ಎತ್ತುವುದು ಸೇರಿಸಿಕೊಂಡಿದ್ದಾಳೆ. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿದೆವು. ಇನ್ಸುಲಿನ್, ಸ್ಟೀರಾಯ್ಡ್, ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳು ತೂಕವನ್ನು ಹಿಡಿದಿಡುತ್ತವೆ. ಅವನ್ನು ತಾವಾಗಿಯೇ ನಿಲ್ಲಿಸದೆ ಬರೆದುಕೊಟ್ಟ ವೈದ್ಯರನ್ನು ಕೇಳಬೇಕು.

ಇಷ್ಟೆಲ್ಲ ಸರಿಯಿದ್ದೂ ಮುಳ್ಳು ನಿಂತರೆ, ಜೊತೆಗೆ ಸಕ್ಕರೆ ಕಾಯಿಲೆ, ಮಂಡಿನೋವು ಹಾಗೆಯೇ ಇದ್ದರೆ, ದಾರಿಗಳು ಬೇರೆಯೂ ಇವೆ. ಬ್ಯಾಂಡ್ ತೆಗೆದು ಸ್ಲೀವ್, ಅಥವಾ ಊಟ ಜಠರದ ಬಹುಭಾಗವನ್ನು ಬಳಸಿ ಹೋಗುವಂತೆ ಮಾಡುವ ಬೈಪಾಸ್ ಮಾಡುತ್ತಾರೆ. ಎರಡನೆಯ ಶಸ್ತ್ರಚಿಕಿತ್ಸೆಯಾದ್ದರಿಂದ ಅಪಾಯ ಮೊದಲಿನದಕ್ಕಿಂತ ಹೆಚ್ಚು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಮೌಂಜಾರೋ, ವೆಗೋವಿ ಔಷಧಗಳು 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೂ ಬಂದವು. ಅವು ಹಸಿವನ್ನು ತಗ್ಗಿಸುತ್ತವೆ, ಆದರೆ ಓಕರಿಕೆ, ವಾಂತಿ ಅವುಗಳ ಸಾಮಾನ್ಯ ಅಡ್ಡಪರಿಣಾಮ, ಬ್ಯಾಂಡ್ ಇದ್ದವರಿಗೆ ವಾಂತಿ ಎಂದರೆ ಏನೆಂದು ಮೇಲೆ ಹೇಳಿದ್ದೇನೆ. ಬ್ಯಾಂಡಿನ ವೈದ್ಯರಿಗೆ ತಿಳಿಸದೆ, ಮೆಡಿಕಲ್ ಅಂಗಡಿಯವರ ಮಾತು ಕೇಳಿ ಅವನ್ನು ಶುರುಮಾಡುವುದು ಹುಚ್ಚುತನ.

ಈಗ ಆಷಾಢ. ಅಕ್ಕನ ಮುಳ್ಳು 87ಕ್ಕೆ ಬಂದಿದೆ. ಎರಡು ತಿಂಗಳಿಗೆ ಎರಡು ಕೆ.ಜಿ., ಮೊದಲಿನ ಓಟ ಇಲ್ಲ. ಕೆಮ್ಮು ನಿಂತಿದೆ. ಮುಂದಿನ ತಪಾಸಣೆ ಶ್ರಾವಣ ಮುಗಿದ ಮೇಲೆ.

ನಡುವೆ ನಾಗರ ಪಂಚಮಿ ಬರುತ್ತದೆ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ಅಮ್ಮ ಡಬ್ಬಿಗಟ್ಟಲೆ ಕಟ್ಟುತ್ತಾಳೆ. ಕಳೆದ ಪಂಚಮಿಯಲ್ಲಿ ಅಕ್ಕ ಒಂದು ಶೇಂಗಾ ಉಂಡಿಯನ್ನು ಬಾಯಲ್ಲಿಟ್ಟು ಕರಗಿಸುತ್ತಾ ಒಂದು ಮಧ್ಯಾಹ್ನ ಕಳೆದಳು. ಸಂಜೆಗೆ ಲೆಕ್ಕ ಹಾಕಿದರೆ ಆದದ್ದು ಐದು. ಬ್ಯಾಂಡ್ ಒಂದು ಸಲವೂ ಅಡ್ಡ ಬಂದಿರಲಿಲ್ಲ. ಈ ವರ್ಷ ಉಂಡಿಯನ್ನು ನೆಲ್ಲಿಕಾಯಿ ಗಾತ್ರಕ್ಕೆ ಕಟ್ಟಲು ಅಮ್ಮನನ್ನು ಕೇಳಿದ್ದಾಳೆ. ‘ಅಷ್ಟು ಸಣ್ಣದಕ್ಕೆ ಉಂಡಿ ಎನ್ನುವುದಿಲ್ಲ, ಗುಳಿಗೆ ಎನ್ನುತ್ತಾರೆ’ ಎಂದಿದ್ದಾಳೆ ಅಮ್ಮ. ಮಾತುಕತೆ ಇನ್ನೂ ನಡೆದಿದೆ.